ಮನೆ ಯಾರದ್ದು? ಕಲ್ಲಿದ್ದಲು ಕಂಪನಿ ಊರಿನ ಬದುಕು

ಕೇಳುಗರಿಗೆಲ್ಲ ನಮಸ್ಕಾರ.

ಕಲ್ಲಿದ್ದಲು ಕಂಪನಿಗಳು ಕಟ್ಟಿದ ಊರುಗಳಲ್ಲಿ ಜನ ಹೇಗೆ ಬದುಕಿದರು ಅನ್ನುವುದು ಇವತ್ತಿನ ಮಾತು. ಗಣಿ ಅಂದ ಕೂಡಲೇ ಎಲ್ಲರ ಮನಸ್ಸು ನೆಲದ ಕೆಳಗೆ ಇಳಿಯುತ್ತದೆ. ಕತ್ತಲೆ, ಹಣೆ ಮೇಲಿನ ದೀಪ, ಸ್ಫೋಟ, ಮಸಿ ಮೆತ್ತಿದ ಮುಖ. ಅದೆಲ್ಲ ನಿಜವೇ. ಆದರೆ ನಾನು ಇವತ್ತು ನಿಮ್ಮನ್ನು ನೆಲದ ಮೇಲೆಯೇ ನಿಲ್ಲಿಸುತ್ತೇನೆ. ಕಾರ್ಮಿಕರ ಚರಿತ್ರೆ ಪಾಠ ಮಾಡುವಾಗ ವಿದ್ಯಾರ್ಥಿಗಳು ಮೊದಲು ಕೇಳುವುದು, ಅವರಿಗೆ ಕೂಲಿ ಎಷ್ಟು ಸಿಗುತ್ತಿತ್ತು ಸರ್ ಅಂತ. ಕೂಲಿ ಆಮೇಲೆ ಕೇಳಿ. ಮೊದಲು ಇದನ್ನು ಕೇಳಿ: ರಾತ್ರಿ ಅವನು ಮಲಗುವ ಮನೆ ಯಾರದ್ದು? ಈ ಒಂದು ಪ್ರಶ್ನೆ ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಕ್ವಾರ್ಟರ್ಸ್‌ನಲ್ಲಿ ಬೆಳೆದವರು, ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವವರು ಈಗ ರೇಡಿಯೋ ಹತ್ತಿರ ಇದ್ದರೆ ಅವರಿಗಂತೂ ನಾನು ಬಿಡಿಸಿ ಹೇಳಬೇಕಾದ್ದೇ ಇಲ್ಲ.

ನಾನು ಹೇಳುತ್ತಿರುವುದು ಅಮೆರಿಕದ ವೆಸ್ಟ್ ವರ್ಜೀನಿಯಾ ಎಂಬ ರಾಜ್ಯದ ಕಥೆ. ಅದರ ದಕ್ಷಿಣ ಭಾಗ ಪೂರ್ತಿ ಬೆಟ್ಟ, ಬೆಟ್ಟದ ನಡುವೆ ಇಕ್ಕಟ್ಟಾದ ಕಣಿವೆ, ಕಣಿವೆಯಲ್ಲಿ ಒಂದು ಹಳ್ಳ. 1870ರ ತನಕ ಅಲ್ಲಿ ಇದ್ದವರು ಮೆಕ್ಕೆಜೋಳ ಬೆಳೆದುಕೊಂಡು, ಹಂದಿ ಸಾಕಿಕೊಂಡು, ಬೇಟೆಯಾಡಿಕೊಂಡು ಬದುಕುತ್ತಿದ್ದ ರೈತರು. 1873ರಲ್ಲಿ ಒಂದು ರೈಲು ಮಾರ್ಗ ರಾಜ್ಯವನ್ನು ದಾಟಿತು, 1880ರ ದಶಕದಲ್ಲಿ ಇನ್ನೊಂದು ಬಂತು. ರೈಲು ಬಂದ ಮೇಲೆ ಕಲ್ಲಿದ್ದಲನ್ನು ಹೊರಗೆ ಸಾಗಿಸಬಹುದು ಅಂತಾಯಿತು. ಅಷ್ಟು ಹೊತ್ತಿಗೆ ಹೊರಗಿನ ದುಡ್ಡಿನವರು ಬಂದು ಬೆಟ್ಟದ ಜಮೀನನ್ನೋ, ಜಮೀನಿನ ಕೆಳಗಿನ ಖನಿಜದ ಹಕ್ಕನ್ನೋ ತೀರ ಕಡಿಮೆ ಬೆಲೆಗೆ ಬರೆಸಿಕೊಂಡು ಹೋಗಿದ್ದರು.

ಈಗ ಗಣಿ ತೆರೆಯಬೇಕು, ಕೆಲಸಕ್ಕೆ ಜನ ಬೇಕು. ಆದರೆ ಅಲ್ಲಿ ಊರೇ ಇಲ್ಲವಲ್ಲ! ಹಾಗಾಗಿ ಕಂಪನಿಯೇ ಊರು ಕಟ್ಟಿತು. ಮನೆ ಕಟ್ಟಿತು, ಅಂಗಡಿ ಇಟ್ಟಿತು, ಶಾಲೆ, ಚರ್ಚು, ಕೆಲವು ಕಡೆ ಸಿನಿಮಾ ಮಂದಿರ ಕೂಡ. ಅಲ್ಲಿಯವರೆಗೆ ತಪ್ಪೇನೂ ಇಲ್ಲ, ಯಾರಾದರೂ ಕಟ್ಟಲೇಬೇಕಿತ್ತು. ಆ ಮನೆಗಳಿಗೆ ಮೂರು ಕಡೆಯಿಂದ ಜನ ಬಂದು ತುಂಬಿದರು. ಅದೇ ಬೆಟ್ಟದ ರೈತರು ಒಂದು ಕಡೆ, ದಕ್ಷಿಣದ ರಾಜ್ಯಗಳಿಂದ ಬಂದ ಕರಿಯರು ಒಂದು ಕಡೆ, ಇಟಲಿ, ಹಂಗೇರಿ, ಪೋಲೆಂಡ್‌ಗಳಿಂದ ಹಡಗು ಹತ್ತಿ ಬಂದವರು ಇನ್ನೊಂದು ಕಡೆ. ಗಣಿಯೊಳಗೆ ಎಲ್ಲರೂ ಒಟ್ಟಿಗೆ ಅಗೆಯುತ್ತಿದ್ದರು. ಮೇಲೆ ಬಂದರೆ ಕರಿಯರ ಸಾಲು ಬೇರೆ, ಹೊರದೇಶದವರ ಸಾಲು ಬೇರೆ, ಶಾಲೆ ಕೂಡ ಬೇರೆ. ಮ್ಯಾನೇಜರ್ ಮನೆ ಎತ್ತರದ ಜಾಗದಲ್ಲಿ, ಹೊಗೆ ಮತ್ತು ಧೂಳಿನಿಂದ ದೂರ. ಯಾರ ಪಕ್ಕ ಯಾರು ಇರಬೇಕು ಅನ್ನುವುದನ್ನೂ ಕಂಪನಿಯೇ ತೀರ್ಮಾನ ಮಾಡುತ್ತಿತ್ತು.

ಮನೆ ಅಂದರೆ ಮೂರು, ನಾಲ್ಕು ಕೋಣೆಯದ್ದು. ಒಳಗೆ ಚೌಕಟ್ಟು ಕೂಡ ಇಲ್ಲದೆ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಮೊಳೆ ಹೊಡೆದಿರುತ್ತಿದ್ದರು. ಒಂದೇ ನಮೂನೆ, ಒಂದೇ ಬಣ್ಣ, ಸಾಲಾಗಿ. ನೀರಿಗೆ ಹಲವು ಮನೆಗಳಿಗೆ ಸೇರಿ ಒಂದು ಕೈಪಂಪು. ಕಕ್ಕಸು ಹಿತ್ತಲಲ್ಲಿ, ಕೆಲವು ಕಡೆ ನೇರ ಹಳ್ಳದ ಮೇಲೆಯೇ. ಚಳಿಗಾಲದಲ್ಲಿ ಹಲಗೆ ಸಂದಿಯಿಂದ ಗಾಳಿ ಬರುತ್ತದೆ ಅಂತ ಹೆಂಗಸರು ಗೋಡೆಗೆ ಹಳೆಯ ಪೇಪರ್ ಅಂಟಿಸುತ್ತಿದ್ದರು. ಗಂಡಸು ಗಣಿಯಿಂದ ಬಂದರೆ ಒಲೆ ಪಕ್ಕ ತಗಡಿನ ತೊಟ್ಟಿಯಲ್ಲಿ ಸ್ನಾನ. ಆ ನೀರು ಹೊತ್ತು ತಂದವಳು, ಕಾಯಿಸಿದವಳು, ಬೆನ್ನು ತಿಕ್ಕಿದವಳು, ಮಸಿ ಬಟ್ಟೆ ಒಗೆದವಳು ಮನೆಯಾಕೆ. ಒಗೆದು ಹರವಿದ ಬಟ್ಟೆ ಮೇಲೆ ಮತ್ತೆ ಕಲ್ಲಿದ್ದಲ ಧೂಳು ಕೂರುತ್ತಿತ್ತು. ಜೊತೆಗೆ ತರಕಾರಿ ಬೆಳೆಯುವುದು, ಹಸು ಹಂದಿ ಕೋಳಿ ನೋಡಿಕೊಳ್ಳುವುದು, ಮದುವೆಯಾಗದ ಒಂದಿಬ್ಬರು ಕೆಲಸಗಾರರಿಗೆ ದುಡ್ಡಿಗೆ ಊಟ ಹಾಕುವುದು. ಗಣಿ ಚರಿತ್ರೆ ಬರೆದವರು ಎಷ್ಟು ಟನ್ ಅಗೆದರು ಅಂತ ಪುಟಗಟ್ಟಲೆ ಬರೆದಿದ್ದಾರೆ. ಈ ಹೆಂಗಸರು ಎಷ್ಟು ಬಕೆಟ್ ನೀರು ಹೊತ್ತರು ಅನ್ನುವ ಲೆಕ್ಕ ಯಾರೂ ಇಡಲಿಲ್ಲ, ಅದು ನನಗೆ ಬಹಳ ಬೇಸರದ ಸಂಗತಿ.

ಸರಿ, ಬಟವಾಡೆ ವಿಷಯಕ್ಕೆ ಬರೋಣ. ಕೂಲಿ ದಿನದ ಲೆಕ್ಕದ್ದಲ್ಲ, ಟನ್ ಲೆಕ್ಕದ್ದು. ಒಬ್ಬೊಬ್ಬ ಕಾರ್ಮಿಕನಿಗೂ ನಂಬರ್ ಹೊಡೆದ ಹಿತ್ತಾಳೆ ಬಿಲ್ಲೆಗಳು. ತಾನು ತುಂಬಿದ ಡಬ್ಬಿಗೆ, ಅಂದರೆ ಹಳಿ ಮೇಲೆ ಓಡುವ ಗಾಡಿಗೆ, ಅವನು ತನ್ನ ಬಿಲ್ಲೆ ಸಿಕ್ಕಿಸಿ ಕಳಿಸಬೇಕು. ಮೇಲೆ ಕಂಪನಿಯ ಮನುಷ್ಯ ತೂಕ ಮಾಡಿ ಬರೆದುಕೊಳ್ಳುತ್ತಾನೆ. ತೂಕ ಮಾಡುವವನು ಕಂಪನಿಯವನು, ಕಲ್ಲು ಬೆರೆತಿದೆ ಅಂತ ತೂಕ ಕಡಿಯುವವನೂ ಕಂಪನಿಯವನು. ಕೆಲವು ಕಡೆ ಗಾಡಿಯನ್ನೇ ದೊಡ್ಡದು ಮಾಡಿ, ಅದೇ ಹಳೇ ತೂಕದ ದುಡ್ಡು ಕೊಡುತ್ತಿದ್ದರು. ನಮ್ಮ ಕಡೆಯ ಒಬ್ಬ ಮನುಷ್ಯ ತಕ್ಕಡಿ ಪಕ್ಕ ನಿಂತಿರಲಿ ಅನ್ನುವುದು ಆ ಕಾರ್ಮಿಕರ ಎಷ್ಟೋ ವರ್ಷಗಳ ಬೇಡಿಕೆಯಾಗಿತ್ತು. ಅಷ್ಟೇ, ತಕ್ಕಡಿ ಪಕ್ಕ ಒಬ್ಬ ಮನುಷ್ಯ. ಅದಕ್ಕೂ ಮುಷ್ಕರ ಮಾಡಬೇಕಾಯಿತು. ಇನ್ನು ಒಳಗೆ ಚಾವಣಿ ಬೀಳದಂತೆ ಮರದ ಕಂಬ ಕೊಡುವುದು, ಹಳಿ ಹಾಸುವುದು, ನೀರು ಹೊರಹಾಕುವುದು, ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಕೂಲಿಯೇ ಇರಲಿಲ್ಲ. ಯಾಕೆಂದರೆ ಅದರಿಂದ ಕಲ್ಲಿದ್ದಲು ಹೊರಗೆ ಬರುವುದಿಲ್ಲವಲ್ಲ.

ಬಂದ ಕೂಲಿಯಲ್ಲಿ ಮೊದಲು ಕಡಿತ. ಮನೆ ಬಾಡಿಗೆ, ಡಾಕ್ಟರ್ ಹಣ, ಸಿಡಿಮದ್ದು, ಹಾರೆ ಗುದ್ದಲಿ ಹರಿತ ಮಾಡಿಸಿದ್ದು, ಮನೆಗೆ ಉರಿಸಲು ತಂದ ಕಲ್ಲಿದ್ದಲು. ಹೌದು, ತಾನೇ ಅಗೆದ ಕಲ್ಲಿದ್ದಲಿಗೂ ಹಣ! ಉಳಿದದ್ದರಲ್ಲಿ ಬಟವಾಡೆಗೆ ಮುಂಚೆ ಮುಂಗಡ ಬೇಕು ಅಂದರೆ ಸರ್ಕಾರದ ನಾಣ್ಯ ಕೊಡುತ್ತಿರಲಿಲ್ಲ. ಕಂಪನಿ ತನ್ನದೇ ಹೆಸರು ಹೊಡೆಸಿದ ಲೋಹದ ಟೋಕನ್ ಕೊಡುತ್ತಿತ್ತು. ಆ ಟೋಕನ್ ನಡೆಯುವುದು ಕಂಪನಿ ಅಂಗಡಿಯಲ್ಲಿ ಮಾತ್ರ. ಹೊರಗೆ ಯಾರಾದರೂ ತೆಗೆದುಕೊಂಡರೂ ಡಾಲರಿಗೆ ಇಷ್ಟು ಅಂತ ಮುರಿದುಕೊಂಡೇ ಕೊಡುತ್ತಿದ್ದರು. ಅಂಗಡಿಯಲ್ಲಿ ಹಿಟ್ಟಿನಿಂದ ಶವಪೆಟ್ಟಿಗೆಯವರೆಗೆ ಎಲ್ಲ ಸಿಗುತ್ತದೆ, ಬೆಲೆ ಇಡುವುದು ಕೂಲಿ ಕೊಡುವ ಅದೇ ಕಂಪನಿ. ತಿಂಗಳ ಕೊನೆಗೆ ಸಂಬಳದ ಚೀಟಿ ನೋಡಿದರೆ ಕೈಗೆ ಬರುವುದು ಸೊನ್ನೆ. ಎಷ್ಟೋ ಕುಟುಂಬಗಳ ಕಥೆ ಇದು.

ಈ ಟೋಕನ್ ಕಥೆ ಎಲ್ಲರಿಗೂ ಇಷ್ಟ, ಹೇಳಲೂ ಸುಲಭ. ಆದರೆ ಕೇಳುಗರೇ, ನಿಜವಾದ ಹಗ್ಗ ಟೋಕನ್ ಅಲ್ಲ, ಮನೆ. ಸಾಲ ಇಟ್ಟುಕೊಂಡು ರಾತ್ರೋರಾತ್ರಿ ಬೇರೆ ಕಣಿವೆಗೆ ಓಡಿಹೋದವರು ಬೇಕಾದಷ್ಟು ಜನ ಇದ್ದರು. ಟೋಕನ್ ಅವರನ್ನು ತಡೆಯಲಿಲ್ಲ. ಆದರೆ ಊರಲ್ಲೇ ನಿಂತು, ಇದು ಸರಿಯಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು ಅಂದರೆ ಕಾಲ ಕೆಳಗೆ ನೆಲ ಬೇಕಲ್ವಾ? ಆ ನೆಲ ಕಂಪನಿಯದು. ರಸ್ತೆ ಕೂಡ ಕಂಪನಿಯದು, ಕಾರ್ಮಿಕ ಸಂಘದವನು ಊರೊಳಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶ. ಅಂಚೆ ಕಚೇರಿ ಬಹಳ ಕಡೆ ಕಂಪನಿ ಅಂಗಡಿ ಒಳಗೇ, ಯಾರಿಗೆ ಯಾವ ಪತ್ರಿಕೆ ಬರುತ್ತದೆ ಅನ್ನುವುದು ಗುಮಾಸ್ತನಿಗೆ ಗೊತ್ತು. ಕೆಲಸ ಹೋದರೆ ಮನೆಯೂ ಹೋಯಿತು. ಗಂಡ ಗಣಿಯಲ್ಲಿ ಸತ್ತರೆ, ಮನೆಯಲ್ಲಿ ಗಣಿಗೆ ಹೋಗುವ ಮಗ ಇಲ್ಲದಿದ್ದರೆ, ವಿಧವೆ ಮನೆ ಖಾಲಿ ಮಾಡಬೇಕು. ಮೊನೊಂಗಾ ಅನ್ನುವ ಊರಿನಲ್ಲಿ 1907ರ ಡಿಸೆಂಬರ್ 6ರಂದು ಗಣಿ ಸಿಡಿದು, ಅಧಿಕೃತ ಲೆಕ್ಕದಲ್ಲೇ 362 ಜನ ಸತ್ತರು. ಅಮೆರಿಕದ ಗಣಿ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸಾವು ಇನ್ನೊಂದಿಲ್ಲ. ಅಂಥ ಊರಿನಲ್ಲಿ ಹೆಂಡತಿಯಾದವಳಿಗೆ ಗಂಡನ ಜೀವ ಮತ್ತು ತಲೆ ಮೇಲಿನ ಸೂರು ಒಂದೇ ದಾರದಲ್ಲಿ ಕಟ್ಟಿರುತ್ತಿದ್ದವು ಅನ್ನುವುದನ್ನು ಯೋಚನೆ ಮಾಡಿ.

ಕೋರ್ಟು ಏನು ಹೇಳುತ್ತಿತ್ತು? ಇವರು ಬಾಡಿಗೆದಾರರಲ್ಲ, ಯಜಮಾನನ ಮನೆಯಲ್ಲಿರುವ ಆಳುಗಳು, ಹಾಗಾಗಿ ಬಾಡಿಗೆದಾರನಿಗೆ ಇರುವ ರಕ್ಷಣೆ ಇವರಿಗಿಲ್ಲ ಅಂತ. ಬಾಡಿಗೆ ತಪ್ಪದೆ ಕಟ್ಟುತ್ತಿದ್ದವರಿಗೆ ಈ ಮಾತು! 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಸಂಘ ಸೇರುವುದಿಲ್ಲ ಅಂತ ಕಂಪನಿ ಬರೆಸಿಕೊಂಡ ಕರಾರು ನಡೆಯುತ್ತದೆ ಅಂತ ತೀರ್ಪು ಕೊಟ್ಟಿತು.

ಈಗ ನಾನು ಹೇಳಲೇಬೇಕು ಅಂದುಕೊಂಡು ಬಂದ ಘಟನೆ. ಮೇಟ್‌ವಾನ್ ಅಂತ ಒಂದು ಪುಟ್ಟ ಊರು, ಮಿಂಗೋ ಕೌಂಟಿಯಲ್ಲಿ, ಟಗ್ ಎಂಬ ನದಿಯ ದಂಡೆಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರೈಲು ಹಳಿ, ಹಳಿ ಪಕ್ಕ ಒಂದು ಸಾಲು ಇಟ್ಟಿಗೆ ಕಟ್ಟಡ, ಅಷ್ಟೇ ಊರು. ಆದರೆ ಒಂದು ವಿಶೇಷ ಇತ್ತು, ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ: ಮೇಟ್‌ವಾನ್ ಕಂಪನಿ ಊರಲ್ಲ. ಸುತ್ತಮುತ್ತ ಎಲ್ಲ ಕಂಪನಿ ಊರುಗಳು, ಇದು ಮಾತ್ರ ಸ್ವಂತ ಪುರಸಭೆ ಇರುವ ಊರು. ಮೇಯರ್ ಕೇಬೆಲ್ ಟೆಸ್ಟರ್‌ಮನ್ ಊರಲ್ಲೇ ಅಂಗಡಿ ಇಟ್ಟುಕೊಂಡವನು. ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್, ಮೂವತ್ತು ದಾಟದ ಹುಡುಗ, ತಾನೂ ಗಣಿಯಲ್ಲಿ ದುಡಿದವನು, ನಕ್ಕರೆ ಚಿನ್ನದ ಹಲ್ಲು ಕಾಣುತ್ತಿತ್ತು. ಅವನಿಗೆ ಸಂಬಳ ಕೊಡುವುದು ಊರು, ಕಂಪನಿ ಅಲ್ಲ. ಪಕ್ಕದ ಲೋಗನ್ ಕೌಂಟಿಯಲ್ಲಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಅಧಿಕಾರಿ, ಡಾನ್ ಚೇಫಿನ್‌ನ ಸಹಾಯಕರಿಗೆ ಸಂಬಳ ಹೋಗುತ್ತಿದ್ದದ್ದು ಗಣಿ ಮಾಲೀಕರ ದುಡ್ಡಿನಿಂದ. ವ್ಯತ್ಯಾಸ ಕಾಣುತ್ತಿದೆಯಲ್ಲ?

1920ರ ವಸಂತದಲ್ಲಿ ಸುತ್ತಲಿನ ಗಣಿಗಳ ಕಾರ್ಮಿಕರು ಮೇಟ್‌ವಾನ್‌ಗೆ ಬಂದು, ಅಲ್ಲಿನ ಚರ್ಚಿನಲ್ಲಿ, ಸಂಘಕ್ಕೆ ಹೆಸರು ಬರೆಸತೊಡಗಿದರು. ಯಾಕೆ ಮೇಟ್‌ವಾನ್? ಯಾಕೆಂದರೆ ಅಲ್ಲಿ ನಿಂತು ಮಾತಾಡಲು ಕಂಪನಿಯದ್ದಲ್ಲದ ನೆಲ ಇತ್ತು. ಹೆಸರು ಬರೆಸಿದವರನ್ನು ಕಂಪನಿಗಳು ಕೆಲಸದಿಂದ ತೆಗೆದವು. ಕೆಲಸ ಹೋದ ಮೇಲೆ ಮನೆಯೂ ಬಿಡಬೇಕು. ಬಿಡಿಸಲು ಬಂದವರು ಯಾರು? ಪೊಲೀಸರಲ್ಲ. ಬಾಲ್ಡ್‌ವಿನ್ ಫೆಲ್ಟ್ಸ್ ಎಂಬ ಖಾಸಗಿ ಏಜೆನ್ಸಿಯವರು, ಗಣಿ ಮಾಲೀಕರು ದುಡ್ಡು ಕೊಟ್ಟು ಇಟ್ಟುಕೊಂಡ ಬಂದೂಕಿನ ಜನ.

ಮೇ 19, 1920. ಬೆಳಗಿನ ಹೊತ್ತು ಹತ್ತು ಹನ್ನೆರಡು ಜನ ರೈಲಿನಿಂದ ಇಳಿದರು. ಮುಂದಾಳು ಆಲ್ಬರ್ಟ್ ಫೆಲ್ಟ್ಸ್, ಜೊತೆಗೆ ಅವನ ತಮ್ಮ ಲೀ. ಊರ ಹೊರಗೆ ಸ್ಟೋನ್ ಮೌಂಟನ್ ಕಂಪನಿಯ ಮನೆಗಳು. ಅಲ್ಲಿಗೆ ಹೋಗಿ ಒಂದೊಂದೇ ಕುಟುಂಬವನ್ನು ಹೊರಗೆ ಹಾಕತೊಡಗಿದರು. ಮಂಚ, ಒಲೆ, ಹಾಸಿಗೆ, ಪಾತ್ರೆ, ಮಕ್ಕಳ ಬಟ್ಟೆ ಎಲ್ಲ ರಸ್ತೆಗೆ. ಮಳೆ ಜಿನುಗುತ್ತಿತ್ತು. ಮೇಯರ್ ಮತ್ತು ಸಿಡ್ ಅಲ್ಲಿಗೆ ಹೋಗಿ ಕೇಳಿದರು, ಕೋರ್ಟಿನ ಆದೇಶ ಎಲ್ಲಿ ಅಂತ. ಸರಿಯಾದ ಉತ್ತರ ಬರಲಿಲ್ಲ. ಸುದ್ದಿ ಕಣಿವೆ ತುಂಬ ಹಬ್ಬಿತು. ಗಣಿಯವರು ಮನೆಯಲ್ಲಿದ್ದ ಬೇಟೆ ಬಂದೂಕು ತೆಗೆದುಕೊಂಡು ಊರಿಗೆ ಬಂದು ಅಲ್ಲಲ್ಲಿ ನಿಂತರು.

ಏಜೆನ್ಸಿಯವರು ಕೆಲಸ ಮುಗಿಸಿ, ಹೋಟೆಲಿನಲ್ಲಿ ಊಟ ಮಾಡಿ, ರೈಫಲ್‌ಗಳನ್ನು ಪೆಟ್ಟಿಗೆಗೆ ಹಾಕಿಕೊಂಡು, ಸಂಜೆ ರೈಲಿಗೆ ಅಂತ ಸ್ಟೇಷನ್ ಕಡೆ ಹೊರಟರು. ಸಿಡ್ ಅಡ್ಡ ಬಂದ. ನಿಮ್ಮನ್ನು ಬಂಧಿಸಲು ವಾರಂಟ್ ಬರುತ್ತಿದೆ ಅಂದ. ಆಲ್ಬರ್ಟ್ ನಕ್ಕು, ನಿನ್ನನ್ನು ಬಂಧಿಸಲು ನನ್ನ ಹತ್ತಿರವೇ ವಾರಂಟ್ ಇದೆ ಅಂದ. ಮೇಯರ್ ಆ ಕಾಗದ ತೆಗೆದುಕೊಂಡು ನೋಡಿ, ಇದು ಸುಳ್ಳು ಕಾಗದ ಅಂದ. ಅಷ್ಟೇ. ಮೊದಲ ಗುಂಡು ಯಾರು ಹೊಡೆದರು ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ, ಆಡಲಿ ಬಿಡಿ. ಗುಂಡಿನ ಸದ್ದು ನಿಂತಾಗ ಹತ್ತು ಜನ ಸತ್ತಿದ್ದರು ಅಥವಾ ಸಾಯುವ ಸ್ಥಿತಿಯಲ್ಲಿದ್ದರು. ಏಜೆನ್ಸಿಯ ಏಳು ಜನ, ಅದರಲ್ಲಿ ಫೆಲ್ಟ್ಸ್ ಅಣ್ಣತಮ್ಮಂದಿರು ಇಬ್ಬರೂ ಇದ್ದರು. ಗಣಿ ಕಾರ್ಮಿಕರು ಇಬ್ಬರು. ಮತ್ತೆ ಮೇಯರ್ ಟೆಸ್ಟರ್‌ಮನ್.

ಈ ಘಟನೆಯನ್ನು ಹೇಳುವವರು ಗುಂಡಿನ ಕಥೆ ಹೇಳಿ ಮುಗಿಸುತ್ತಾರೆ. ನನಗೆ ಅದು ಸಾಲದು. ಹತ್ತು ಜನ ಸತ್ತದ್ದು ಯಾತಕ್ಕೆ? ಕೂಲಿಗಲ್ಲ, ಟೋಕನ್‌ಗಲ್ಲ. ಒಂದಷ್ಟು ಸಂಸಾರಗಳ ಒಲೆ ಮತ್ತು ಮಂಚ ಮಳೆಯಲ್ಲಿ ರಸ್ತೆಗೆ ಬಿದ್ದದ್ದಕ್ಕೆ. ಸಂಜೆಯವರೆಗೂ ಆ ಬೆಟ್ಟದ ಜನ ನೋಡುತ್ತ ನಿಂತದ್ದು ಅದನ್ನು.

ಸಿಡ್ ಮೇಲೆ ಕೊಲೆ ಕೇಸು ನಡೆಯಿತು, ಮಿಂಗೋ ಕೌಂಟಿಯ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಅಲ್ಲಿನ ಜನ, ಬಿಡುಗಡೆ ಮಾಡಿತು. ಆಮೇಲೆ ಬೇರೊಂದು ಕೇಸಿಗೆ ಅಂತ ವೆಲ್ಚ್ ಎಂಬ ಊರಿಗೆ ಕರೆಸಿದರು. 1921ರ ಆಗಸ್ಟ್ 1. ಸಿಡ್, ಅವನ ಗೆಳೆಯ ಎಡ್ ಚೇಂಬರ್ಸ್, ಇಬ್ಬರೂ ಹೆಂಡತಿಯರ ಜೊತೆ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಕೈಯಲ್ಲಿ ಆಯುಧ ಇರಲಿಲ್ಲ. ಏಜೆನ್ಸಿಯವರು ಮೆಟ್ಟಿಲ ಮೇಲೇ ಇಬ್ಬರನ್ನೂ ಗುಂಡಿಟ್ಟು ಕೊಂದರು. ಎಡ್ ಬಿದ್ದ ಮೇಲೂ ಇನ್ನೊಂದು ಗುಂಡು ಹೊಡೆದವನಿಗೆ ಎಡ್‌ನ ಹೆಂಡತಿ ಸ್ಯಾಲಿ ಕೈಲಿದ್ದ ಕೊಡೆಯಿಂದ ಬಾರಿಸಿದಳು. ಕೊಂದವರಲ್ಲಿ ಒಬ್ಬನಿಗೂ ಶಿಕ್ಷೆ ಆಗಲಿಲ್ಲ.

ಸಮಯ ಕಡಿಮೆ ಇದೆ ಅಂತ ಇಲ್ಲಿ ಸನ್ನೆ ಮಾಡುತ್ತಿದ್ದಾರೆ, ಮುಂದಿನದನ್ನು ಬೇಗ ಹೇಳುತ್ತೇನೆ. ಆ ಕೊಲೆಗಳ ಸಿಟ್ಟಿಗೆ ಅದೇ ಆಗಸ್ಟ್ ಕೊನೆಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಲೋಗನ್ ಕಡೆ ನಡೆದರು. ಕರಿಯರು, ಬಿಳಿಯರು, ಇಟಲಿಯವರು ಎಲ್ಲ ಒಟ್ಟಿಗೆ. ಬ್ಲೇರ್ ಎಂಬ ಬೆಟ್ಟದಲ್ಲಿ ಚೇಫಿನ್‌ನ ಜನ ಅಡ್ಡ ನಿಂತರು, ದಿನಗಟ್ಟಲೆ ಗುಂಡು ಹಾರಿತು, ಬಾಡಿಗೆ ವಿಮಾನಗಳಿಂದ ಬಾಂಬು ಕೂಡ ಹಾಕಿಸಿದರು. ಕೊನೆಗೆ ಅಧ್ಯಕ್ಷ ಹಾರ್ಡಿಂಗ್ ಸೈನ್ಯ ಕಳಿಸಿದರು. ಕಾರ್ಮಿಕರಲ್ಲಿ ಎಷ್ಟೋ ಜನ ಮೊದಲ ಮಹಾಯುದ್ಧದಲ್ಲಿ ಅದೇ ಸೈನ್ಯದಲ್ಲಿ ಹೋರಾಡಿ ಬಂದವರು. ಅದರ ಮೇಲೆ ಗುಂಡು ಹೊಡೆಯಲು ಅವರಿಗೆ ಮನಸ್ಸಿರಲಿಲ್ಲ, ಬಂದೂಕು ಕೆಳಗಿಟ್ಟು ಮನೆಗೆ ಹೋದರು. ಮನೆ ಅಂದೆನಲ್ಲ, ಸಾವಿರಾರು ಜನರಿಗೆ ಅದೂ ಇರಲಿಲ್ಲ. ಮನೆ ಬಿಡಿಸಿಕೊಂಡ ಕುಟುಂಬಗಳು ಹಳ್ಳದ ಪಕ್ಕ ಡೇರೆಗಳಲ್ಲಿ ಹಿಮ ಬೀಳುವ ಚಳಿಗಾಲ ಕಳೆದವು. ಡೇರೆ ಅಂದಾಗ ಕೊಲರಾಡೋ ರಾಜ್ಯದ ಲಡ್ಲೋ ಹೆಸರನ್ನೂ ಹೇಳಬೇಕು. ಅಲ್ಲಿ 1914ರ ಏಪ್ರಿಲ್ 20ರಂದು ಮುಷ್ಕರದವರ ಡೇರೆಗಳಿಗೆ ಬೆಂಕಿ ಬಿದ್ದು, ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿ ಕೂತಿದ್ದ ಹನ್ನೊಂದು ಮಕ್ಕಳು, ಇಬ್ಬರು ಹೆಂಗಸರು ಉಸಿರುಗಟ್ಟಿ ಸತ್ತರು. ಅವರೂ ಡೇರೆಗೆ ಬಂದದ್ದು ಕಂಪನಿ ಮನೆ ಬಿಟ್ಟು ಬಂದದ್ದರಿಂದಲೇ.

ಒಳ್ಳೆಯದೇನೂ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಭಾನುವಾರ ಬೇಸ್‌ಬಾಲ್ ಪಂದ್ಯ, ಒಳ್ಳೆಯ ಆಟಗಾರನಿಗೆ ಗಣಿಯಲ್ಲಿ ಹಗುರ ಕೆಲಸ ಕೊಡುವುದು, ಅಚ್ಚುಕಟ್ಟಾದ ಕೈತೋಟಕ್ಕೆ ಬಹುಮಾನ. ಕೆಂಟಕಿಯ ಲಿಂಚ್‌ನಂಥ ಊರನ್ನು 1917ರಿಂದ ಉಕ್ಕಿನ ಕಂಪನಿಯೊಂದು ಬಹಳ ಚೆನ್ನಾಗಿ ಕಟ್ಟಿತ್ತು, ಆಸ್ಪತ್ರೆ, ಶಾಲೆ ಎಲ್ಲ ಇತ್ತು. ಅಲ್ಲೆಲ್ಲ ಬೆಳೆದ ಮುದುಕಿಯರು, ನಮ್ಮ ಊರಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ ಅಂತ ಪ್ರೀತಿಯಿಂದ ನೆನೆಸಿಕೊಳ್ಳುತ್ತಾರೆ. ನಾನು ಆ ಪ್ರೀತಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಅಕ್ಕಪಕ್ಕದವರು ಒಬ್ಬರಿಗೊಬ್ಬರು ಕೊಟ್ಟದ್ದು, ಕಂಪನಿ ಕೊಟ್ಟದ್ದಲ್ಲ. ಒಳ್ಳೆಯ ಮನೆಯಾಗಲಿ ಕೆಟ್ಟ ಮನೆಯಾಗಲಿ, ಬೀಗದ ಕೈ ಕಂಪನಿ ಹತ್ತಿರವೇ ಇತ್ತು.

ನಮ್ಮ ಕೆಜಿಎಫ್ ಕಲ್ಲಿದ್ದಲ ಊರಲ್ಲ, ಚಿನ್ನದ್ದು. ಆದರೂ 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಯ ಕುಟುಂಬಗಳು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು: ಈ ಕ್ವಾರ್ಟರ್ಸ್ ಇನ್ನು ಯಾರದ್ದು?

ಅಮೆರಿಕದಲ್ಲಿ ಹಗ್ಗ ಸಡಿಲವಾದದ್ದು 1933ರಲ್ಲಿ. ರೂಸ್‌ವೆಲ್ಟ್ ಸರ್ಕಾರ ಸಂಘ ಕಟ್ಟುವ ಹಕ್ಕನ್ನು ಕಾನೂನಿನಲ್ಲಿ ಬರೆಯಿತು. ಕಲ್ಲಿದ್ದಲು ಉದ್ಯಮಕ್ಕೆ ಅಂತಲೇ ಮಾಡಿದ ನಿಯಮದಲ್ಲಿ, ಕಾರ್ಮಿಕ ಕಂಪನಿ ಮನೆಯಲ್ಲೇ ಇರಬೇಕು, ಕಂಪನಿ ಅಂಗಡಿಯಲ್ಲೇ ಕೊಳ್ಳಬೇಕು ಅಂತ ಒತ್ತಾಯ ಮಾಡುವಂತಿಲ್ಲ ಅಂತಾಯಿತು. ತಕ್ಕಡಿ ಪಕ್ಕ ಕಾರ್ಮಿಕರ ಮನುಷ್ಯನೂ ಬಂದು ನಿಂತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೋಟಾರು ರಸ್ತೆ ಬಂತು, ಕಾರು ಬಂತು, ಕಂಪನಿಗಳು ಮನೆಗಳನ್ನು ಅಲ್ಲಿದ್ದವರಿಗೇ ಮಾರತೊಡಗಿದವು. ಅದೇ ಹೊತ್ತಿಗೆ ಕಲ್ಲಿದ್ದಲು ಕೊರೆಯುವ ದೊಡ್ಡ ಯಂತ್ರಗಳೂ ಬಂದವು. 1950ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಲಕ್ಷಕ್ಕೂ ಜಾಸ್ತಿ ಇದ್ದ ಗಣಿ ಕೆಲಸಗಳು ಹತ್ತೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದವು. ಮನೆ ತಮ್ಮ ಹೆಸರಿಗೆ ಬಂತು ಅನ್ನುವಷ್ಟರಲ್ಲಿ ಕೆಲಸ ಹೋಯಿತು, ಲಕ್ಷಾಂತರ ಜನ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಕಡೆ ಕಾರ್ಖಾನೆ ಕೆಲಸ ಹುಡುಕಿಕೊಂಡು ಹೊರಟರು.

ಶ್ವಾಸಕೋಶಕ್ಕೆ ಧೂಳು ತುಂಬುವ ಕಾಯಿಲೆಗೆ ಪರಿಹಾರ ಬೇಕು ಅಂತ 1969ರಲ್ಲಿ ಕಾರ್ಮಿಕರು ನಡೆಸಿದ ಹೋರಾಟ, 1972ರ ಫೆಬ್ರವರಿಯಲ್ಲಿ ಬಫೆಲೋ ಕ್ರೀಕ್‌ನಲ್ಲಿ ಕಂಪನಿಯ ಕೆಸರಿನ ಕಟ್ಟೆ ಒಡೆದು 125 ಜನರನ್ನು ಕೊಚ್ಚಿಕೊಂಡು ಹೋದದ್ದು, ಇವೆರಡಕ್ಕೂ ಇನ್ನೊಂದು ಪೂರ್ತಿ ಭಾಷಣವೇ ಬೇಕು. ಆಕಾಶವಾಣಿಯವರು ಮತ್ತೆ ಕರೆದರೆ ಖಂಡಿತ ಬಂದು ಹೇಳುತ್ತೇನೆ. ಮೇಟ್‌ವಾನ್‌ನಲ್ಲಿ 2015ರಿಂದ ಈ ಹೋರಾಟಗಳದ್ದೇ ಒಂದು ವಸ್ತುಸಂಗ್ರಹಾಲಯ ನಡೆಯುತ್ತಿದೆ. ನಿಮ್ಮ ಮಕ್ಕಳು ಅಮೆರಿಕದಲ್ಲಿದ್ದು, ನೀವು ಅವರಲ್ಲಿಗೆ ಹೋದಾಗ ಆ ಕಡೆ ಹೋಗುವ ಅವಕಾಶ ಸಿಕ್ಕಿದರೆ, ಜಲಪಾತ ಒಂದು ದಿನ ಕಡಿಮೆ ನೋಡಿದರೂ ಪರವಾಗಿಲ್ಲ, ಅಲ್ಲಿಗೆ ಹೋಗಿ ಬನ್ನಿ.

ನಮಸ್ಕಾರ.